ಬಾಣಂತಿ ಸನ್ನಿಯಿಂದ ಅಸ್ವಸ್ಥಚಿತ್ತದವರೆಗೆ: ‘ಶರಪಂಜರ’ದ ನೆಪದಲ್ಲಿ ಕೆಲವು ಪರಿಕಲ್ಪನೆಗಳ ವಿಚಾರ

ತ್ರಿವೇಣಿಯವರ ‘ಶರಪಂಜರ’ವನ್ನು ಕನ್ನಡ ವಿಮರ್ಶೆಯು ಬಹುಕಾಲದಿಂದ ‘ಮನೋವೈಜ್ಞಾನಿಕ ಕಾದಂಬರಿ’ ಎಂಬ ವರ್ಗದಲ್ಲಿಟ್ಟು ನೋಡುತ್ತ ಬಂದಿದೆ. ಈ ವರ್ಗೀಕರಣ ತಪ್ಪೆಂದು ಹೇಳಲಾಗದು. ಪದವಿ ತರಗತಿಯಲ್ಲಿ ಮನೋವಿಜ್ಞಾನವನ್ನು ಅಭ್ಯಾಸ ಮಾಡಿದ್ದ ಲೇಖಕಿ ‘ಬೆಕ್ಕಿನ ಕಣ್ಣು’, ‘ಶರಪಂಜರ’ಗಳಂತಹ ಕೃತಿಗಳಲ್ಲಿ ಆ ಶಾಸ್ತ್ರದ ತಿಳಿವಳಿಕೆಯನ್ನು ಬುದ್ಧಿಪೂರ್ವಕವಾಗಿಯೇ ಬಳಸಿಕೊಂಡಿದ್ದಾರೆ. ಆದರೆ ವರ್ಗೀಕರಣವೊಂದು ಕೃತಿಗೆ ಸ್ಥಾನವನ್ನು ಕೊಡುವಂತೆಯೇ ಅದರ ಓದಿನ ದಾರಿಯನ್ನೂ ಮುಚ್ಚಬಲ್ಲದು. ‘ಮನೋವೈಜ್ಞಾನಿಕ’ ಎಂದೊಡನೆ ನಮ್ಮ ಓದು ಪಾತ್ರದ ಮನಸ್ಸಿನ ಆಳಕ್ಕೆ ಇಳಿದು ಕಾರಣವನ್ನು ಹುಡುಕತೊಡಗುತ್ತದೆ. ಕಾವೇರಿಗೆ ಏಕೆ ಹೀಗಾಯಿತು ಎಂಬುದೇ ಪ್ರಶ್ನೆಯಾಗುತ್ತದೆ. ನನ್ನ ತಿಳಿವಳಿಕೆಯಲ್ಲಿ ಈ ಕಾದಂಬರಿಯ ಪ್ರಶ್ನೆ ಅದಲ್ಲ. ರೋಗ ಬಂದು, ಚಿಕಿತ್ಸೆಯೂ ನಡೆದು, ವೈದ್ಯರು ಗುಣವಾಗಿದೆ ಎಂದು ಹೇಳಿ ಕಳುಹಿಸಿದ ಮೇಲೆ ಒಬ್ಬ ಹೆಂಗಸಿಗೆ ಏನಾಗುತ್ತದೆ ಎಂಬುದು ಅದರ ವಸ್ತು.

ಕಥೆಯ ಹಂದರ ಸುಪರಿಚಿತವಾದುದು. ಸತೀಶನನ್ನು ವರಿಸಿ ಸುಖವಾಗಿದ್ದ ಕಾವೇರಿ ಹೆರಿಗೆಯ ನಂತರ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಳ್ಳುತ್ತಾಳೆ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮನೆಗೆ ಮರಳುತ್ತಾಳೆ. ಮರಳಿದವಳನ್ನು ಸುತ್ತಲಿನವರು ಹಳೆಯ ಕಾವೇರಿಯೆಂದು ಸ್ವೀಕರಿಸುವುದಿಲ್ಲ. ಗಂಡನೇ ದೂರವಾಗುತ್ತಾನೆ, ಇನ್ನೊಬ್ಬಳೊಡನೆ ಸಂಬಂಧ ಬೆಳೆಸುತ್ತಾನೆ. ಅವಳು ಮತ್ತೆ ಕುಸಿದು ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ಪುಟ್ಟಣ್ಣ ಕಣಗಾಲರು ಎಪ್ಪತ್ತರ ದಶಕದ ಆರಂಭದಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ, ಕಲ್ಪನಾ ಅವರ ಅಭಿನಯದ ಮೂಲಕ ಕಾವೇರಿ ಓದುಬಾರದವರಿಗೂ ತಿಳಿದವಳಾದಳು. ಪ್ರಸ್ತುತ ಲೇಖನವು ಈ ಕೃತಿಯನ್ನು ನೆಪವಾಗಿಟ್ಟುಕೊಂಡು, ಮನಸ್ಸಿನ ಅಸ್ವಾಸ್ಥ್ಯವನ್ನು ಕುರಿತು ಕನ್ನಡದಲ್ಲಿ ಬಳಕೆಯಲ್ಲಿರುವ ಮೂರು ಪದಕೋಶಗಳನ್ನು, ಅಂದರೆ ಮನೆಯದು, ವೈದ್ಯದ್ದು, ನ್ಯಾಯಾಲಯದ್ದು, ಎದುರುಬದುರಾಗಿಸಿ ನೋಡಲು ಯತ್ನಿಸುತ್ತದೆ. ಈ ಮೂರೂ ಒಂದೇ ಸ್ಥಿತಿಯನ್ನು ಹೆಸರಿಸುತ್ತವೆ ಎಂದು ನಾವು ಭಾವಿಸಿದ್ದೇವೆ. ವಾಸ್ತವವಾಗಿ ಇವು ಕಾಲವನ್ನು ಮೂರು ಬಗೆಯಾಗಿ ಅಳೆಯುತ್ತವೆ.

ಮೊದಲು ಶಾಸ್ತ್ರದ ಹೆಸರನ್ನೇ ನೋಡಬಹುದು. ಇಂಗ್ಲಿಷಿನ ‘ಅಬ್ನಾರ್ಮಲ್ ಸೈಕಾಲಜಿ’ಯನ್ನು ನಮ್ಮ ಪಠ್ಯಪುಸ್ತಕಗಳು ಅಸಾಮಾನ್ಯ ಮನೋವಿಜ್ಞಾನ, ಅಪಸಾಮಾನ್ಯ ಮನೋವಿಜ್ಞಾನ, ಅಸಹಜ ಮನೋವಿಜ್ಞಾನ ಎಂದು ಬಗೆಬಗೆಯಾಗಿ ಕನ್ನಡಿಸಿವೆ. ಇವುಗಳಲ್ಲಿ ‘ಅಸಾಮಾನ್ಯ’ ಎಂಬುದು ಕನ್ನಡದಲ್ಲಿ ಪ್ರಶಂಸೆಯ ಮಾತು. ಅಸಾಮಾನ್ಯ ಪ್ರತಿಭೆ, ಅಸಾಮಾನ್ಯ ಧೈರ್ಯ ಎನ್ನುತ್ತೇವೆ. ‘ಅಸಹಜ’ವೆಂದರೆ ಹುಟ್ಟಿನೊಡನೆ ಬಾರದ್ದು, ಕೃತಕವಾದದ್ದು. ‘ಅಪಸಾಮಾನ್ಯ’ದಲ್ಲಿ ‘ಅಪ’ ಎಂಬ ಉಪಸರ್ಗ ಬೀಳುವಿಕೆಯನ್ನು, ಕೆಡುಕನ್ನು ಧ್ವನಿಸುತ್ತದೆ. ಒಂದು ಮೂಲಪದಕ್ಕೆ ಒಂದು ಹೊಗಳಿಕೆ, ಒಂದು ತಟಸ್ಥ ನುಡಿ, ಒಂದು ದೂಷಣೆ ದೊರೆತಿರುವುದು ಭಾಷಾಂತರಕಾರರ ಅಜಾಗರೂಕತೆಯಿಂದ ಮಾತ್ರವಲ್ಲ. ಮೂಲದ ಪರಿಕಲ್ಪನೆಯೇ ಅಸ್ಥಿರವಾದುದು. ಬಹುಸಂಖ್ಯಾತರಿಂದ ಭಿನ್ನವಾಗಿರುವುದು ಅಸಾಮಾನ್ಯವೋ, ಸಮಾಜದ ನಡಾವಳಿಯನ್ನು ಮೀರುವುದೋ, ತನಗೆ ತಾನೇ ಯಾತನೆ ಅನುಭವಿಸುವುದೋ, ದಿನನಿತ್ಯದ ಬದುಕನ್ನು ನಡೆಸಲಾರದೆ ಹೋಗುವುದೋ ಎಂಬ ನಾಲ್ಕು ಅಳತೆಗೋಲುಗಳ ನಡುವೆ ಆ ಶಾಸ್ತ್ರ ಇಂದಿಗೂ ತೂಗಾಡುತ್ತಿದೆ. ಕಾವೇರಿಯ ಪ್ರಸಂಗದಲ್ಲಿ ಇದು ಕೇವಲ ತಾತ್ತ್ವಿಕ ತೊಡಕಲ್ಲ. ಹಿಂದಿರುಗಿದ ಕಾವೇರಿಗೆ ಯಾತನೆ ಕೊಡುವವರು ಇತರರು. ಬದುಕನ್ನು ನಡೆಸಲು ಅವಳು ಸಿದ್ಧಳಿದ್ದಾಳೆ, ಅವಕಾಶ ಕೊಡದವರು ಇತರರು. ಆದರೂ ಎರಡನೆಯ ಅಳತೆಗೋಲೊಂದರಿಂದಲೇ ಅವಳು ‘ಅಪಸಾಮಾನ್ಯ’ಳಾಗಿ ಉಳಿಯುತ್ತಾಳೆ.

ಮನೆಯ ಪದಕೋಶವು ಶಾಸ್ತ್ರದ ಪದಕೋಶಕ್ಕಿಂತ ದರಿದ್ರವಾದುದೆಂದು ಭಾವಿಸುವ ರೂಢಿ ನಮ್ಮಲ್ಲಿದೆ. ಹುಚ್ಚು, ಮರುಳು, ತಲೆಕೆಟ್ಟದ್ದು, ಪಿತ್ತ ನೆತ್ತಿಗೇರಿದ್ದು, ಗಾಳಿ ಸೋಕಿದ್ದು, ಮೈಮೇಲೆ ಬಂದದ್ದು ಇವೆಲ್ಲ ಅಜ್ಞಾನದ ಉಳಿಕೆಗಳೆಂದು ಆರೋಗ್ಯ ಶಿಕ್ಷಣದ ಕಿರುಹೊತ್ತಗೆಗಳು ಹೇಳುತ್ತ ಬಂದಿವೆ. ಆದರೆ ಇದೇ ನಾಡಿನಲ್ಲಿ ಹುಚ್ಚಪ್ಪ, ಹುಚ್ಚಮ್ಮ, ಹುಚ್ಚಯ್ಯ ಎಂಬ ಹೆಸರುಗಳನ್ನು ಮಕ್ಕಳಿಗೆ ಇಟ್ಟಿದ್ದಾರೆ. ಮರುಳಸಿದ್ಧ, ಮರುಳಾರಾಧ್ಯ ಎಂಬ ನಾಮಗಳಿಗೆ ಗುರುಪರಂಪರೆಯ ಗೌರವವಿದೆ. ‘ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು’ ಎಂಬ ಗಾದೆಯಂತೂ ಹುಚ್ಚು ‘ಬಿಡುವ’ ಸಂಗತಿಯೆಂಬುದನ್ನು ಮೊದಲೇ ಒಪ್ಪಿಕೊಂಡು ಮಾತನಾಡುತ್ತದೆ. ಗಾದೆಯ ಚಿಕಿತ್ಸಾಕ್ರಮ ಎಷ್ಟು ಮನೆಗಳನ್ನು ಹಾಳುಮಾಡಿದೆ ಎಂಬುದು ಬೇರೆ ಮಾತು.

ಈ ಮನೆಮಾತುಗಳಲ್ಲಿ ಕಾವೇರಿಯ ಸ್ಥಿತಿಗೆ ನೇರವಾಗಿ ಸಲ್ಲುವ ಮಾತೊಂದಿದೆ: ಬಾಣಂತಿ ಸನ್ನಿ. ಸನ್ನಿಪಾತವೆಂಬ ವೈದ್ಯಶಬ್ದ ಸವೆದು ಸನ್ನಿಯಾಗಿದೆ. ಚರಕಸಂಹಿತೆಯು ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ ಮತ್ತು ಆಗಂತು ಎಂದು ಐದು ಬಗೆಯಾಗಿ ವಿಂಗಡಿಸುತ್ತದೆ. ಮೂರು ದೋಷಗಳೂ ಒಟ್ಟಿಗೆ ಕೆರಳಿದ ಸ್ಥಿತಿಯೇ ಸನ್ನಿಪಾತ. ಕನ್ನಡದ ಮನೆಗಳಲ್ಲಿ ಜ್ವರದ ಸನ್ನಿಯೂ ಬಾಣಂತಿಯ ಸನ್ನಿಯೂ ಒಂದೇ ಜಾತಿಯವು. ಸನ್ನಿ ‘ಹಿಡಿಯುತ್ತದೆ’, ಹಾಗೆಯೇ ಜ್ವರದಂತೆ ‘ಇಳಿಯುತ್ತದೆ’. ಹೆತ್ತವಳು ಅರ್ಥವಿಲ್ಲದೆ ಮಾತನಾಡಿದರೆ, ಮಗುವನ್ನು ಗುರುತಿಸದೆ ಹೋದರೆ ಅದನ್ನು ಬಾಣಂತನದ ಹೊತ್ತಿಗೆ ಸೇರಿದ ಆಪತ್ತೆಂದು ಹಿರಿಯ ಹೆಂಗಸರು ತಿಳಿಯುತ್ತಿದ್ದರು. ಮಗುವನ್ನು ಬೇರೆಯವರ ಮಗ್ಗುಲಲ್ಲಿ ಮಲಗಿಸುವುದು, ಬಾಣಂತಿಯನ್ನು ಒಂಟಿಯಾಗಿ ಬಿಡದಿರುವುದು ಇವು ಅವರ ವಿವೇಕ. ಈ ಚಿತ್ರವನ್ನು ನಾನು ಬಣ್ಣ ಹಚ್ಚಿ ಹೇಳುತ್ತಿಲ್ಲ. ಬರೆ ಹಾಕುವುದು, ಹೊಗೆ ಹಾಕುವುದು, ದೆವ್ವ ಬಿಡಿಸುವವನ ಕೋಲು ಇವೂ ಆ ಮನೆಗಳಲ್ಲೇ ಇದ್ದವು. ಆದರೂ ಆ ಹೆಸರಿನಲ್ಲಿ ಎರಡು ಸಂಗತಿಗಳು ಅಡಕವಾಗಿದ್ದವು: ಈ ರೋಗ ಹೆರಿಗೆಗೆ ಸಂಬಂಧಿಸಿದ್ದು, ಹೆಣ್ಣಿನ ಸ್ವಭಾವಕ್ಕಲ್ಲ; ಮತ್ತು ಇದಕ್ಕೊಂದು ಅವಧಿಯಿದೆ.

ಆಧುನಿಕ ವೈದ್ಯವು ಈ ಎರಡನ್ನೂ ಬಹುಮಟ್ಟಿಗೆ ಸಮರ್ಥಿಸುತ್ತದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆ ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರಗಳಲ್ಲೇ ತಲೆದೋರುತ್ತದೆ. ಅದು ತುರ್ತುಚಿಕಿತ್ಸೆ ಬೇಡುವಷ್ಟು ತೀವ್ರವಾದುದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಭಯ ಮಾತ್ರ ಗಣನೀಯವಾಗಿಯೇ ಇರುತ್ತದೆ. ವಿಚಿತ್ರವೆಂದರೆ ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಪ್ರಕಟಿಸಿದ ಐದನೆಯ ಆವೃತ್ತಿಯ ರೋಗವರ್ಗೀಕರಣದ ಕೈಪಿಡಿಯಲ್ಲಿ ಈ ಕಾಯಿಲೆಗೆ ಪ್ರತ್ಯೇಕ ಹೆಸರಿಲ್ಲ. ಇತರ ರೋಗನಾಮಗಳಿಗೆ ಸೇರಿಸುವ ವಿಶೇಷಣವೊಂದರ ರೂಪದಲ್ಲಿ, ಗರ್ಭಾವಸ್ಥೆಯಲ್ಲಿ ಅಥವಾ ಹೆರಿಗೆಯಾದ ನಾಲ್ಕು ವಾರಗಳೊಳಗೆ ತೊಡಗಿದ್ದು ಎಂಬ ಟಿಪ್ಪಣಿಯಾಗಿ ಅದು ಅಲ್ಲಿದೆ. ಸೂಲಗಿತ್ತಿಯ ಪದಕೋಶದಲ್ಲಿ ನಾಮಪದವಾಗಿದ್ದದ್ದು ತಜ್ಞರ ಪದಕೋಶದಲ್ಲಿ ಗುಣವಾಚಕವಾಗಿದೆ.

ಇಲ್ಲಿ ‘ರೋಗನಿದಾನ’ ಎಂಬ ಶಬ್ದದ ಬಳಿ ಸ್ವಲ್ಪ ನಿಲ್ಲಬೇಕು. ‘ಡಯಾಗ್ನೋಸಿಸ್’ಗೆ ಸಮಾನಾರ್ಥಕವಾಗಿ ನಾವು ಇದನ್ನು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಮುದ್ರಣದಲ್ಲಿ ಅದು ಆಗಾಗ ‘ರೋಗನಿಧಾನ’ವೂ ಆಗಿಬಿಡುತ್ತದೆ, ಸರಕಾರಿ ಆಸ್ಪತ್ರೆಗಳ ಸರದಿ ಸಾಲನ್ನು ಕಂಡವರಿಗೆ ಆ ಮುದ್ರಣದೋಷ ಅಷ್ಟೇನೂ ಅಸಂಬದ್ಧವೆನಿಸದು. ಸಂಸ್ಕೃತದಲ್ಲಿ ನಿದಾನವೆಂದರೆ ಮೂಲಕಾರಣ. ಆಯುರ್ವೇದದ ನಿದಾನಸ್ಥಾನವು ರೋಗವನ್ನು ಅದರ ಕಾರಣದೊಡನೆಯೇ ಗುರುತಿಸುತ್ತದೆ. ಕಾರಣವನ್ನು ಬಿಟ್ಟ ನಾಮಕರಣ ಅಲ್ಲಿ ಅಪೂರ್ಣ. ಇದಕ್ಕೆ ಪ್ರತಿಯಾಗಿ, 1980ರಲ್ಲಿ ಬಂದ ಅಮೆರಿಕದ ಕೈಪಿಡಿಯ ಮೂರನೆಯ ಆವೃತ್ತಿಯಿಂದೀಚೆಗೆ ಮನೋವೈದ್ಯವು ಬುದ್ಧಿಪೂರ್ವಕವಾಗಿ ಕಾರಣವನ್ನು ಬದಿಗಿಟ್ಟಿತು. ಕಾಣುವ ಲಕ್ಷಣಗಳು, ಅವುಗಳ ಸಂಖ್ಯೆ, ಅವು ಇದ್ದ ಅವಧಿ ಇವಿಷ್ಟರ ಮೇಲೆ ರೋಗಕ್ಕೆ ಹೆಸರು ಕೊಡುವ ಪದ್ಧತಿ ರೂಢಿಗೆ ಬಂತು. ಇಬ್ಬರು ವೈದ್ಯರು ಒಂದೇ ರೋಗಿಯನ್ನು ನೋಡಿ ಒಂದೇ ಹೆಸರನ್ನು ಹೇಳಬೇಕು ಎಂಬುದು ಅದರ ಮೊದಲ ಆಶಯ. ಹೀಗಾಗಿ ವೈದ್ಯರು ‘ಡಯಾಗ್ನೋಸಿಸ್’ ಎಂದು ಹೇಳಿದ್ದನ್ನು ಕನ್ನಡ ಕುಟುಂಬ ‘ನಿದಾನ’ವೆಂದು ಕೇಳಿಸಿಕೊಳ್ಳುತ್ತದೆ, ಹೆಸರನ್ನು ಕೊಟ್ಟವರು ಕಾರಣವನ್ನೂ ಕೊಟ್ಟಿದ್ದಾರೆಂದು ತಿಳಿಯುತ್ತದೆ, ಕೊಡದಿದ್ದರೆ ತಾನೇ ಹುಡುಕುತ್ತದೆ. ಸ್ಕಿಜೋಫ್ರೀನಿಯಾವನ್ನು ‘ಇಚ್ಚಿತ್ತ’ವೆಂದು ಕರೆದದ್ದರಿಂದ ಆದ ಅನಾಹುತವೂ ಇಂಥದೇ. ಅದು ಎರಡು ಮನಸ್ಸುಗಳ, ಎರಡು ವ್ಯಕ್ತಿತ್ವಗಳ ರೋಗವೆಂಬ ತಪ್ಪು ಕಲ್ಪನೆಯನ್ನು ಹೆಸರೇ ಪ್ರಚಾರ ಮಾಡಿತು. ಈ ವಿಷಯದಲ್ಲಿ ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆದ ಲೇಖಕರು ಹೆಚ್ಚು ಪ್ರಾಮಾಣಿಕರು ಎಂದು ನನಗನ್ನಿಸುತ್ತದೆ.

ಕಾವೇರಿಯ ವಿಷಯದಲ್ಲಿ ನಿದಾನದ ಹುಡುಕಾಟ ಯಾವ ರೂಪ ತಾಳುತ್ತದೆ? ಚಲನಚಿತ್ರದಲ್ಲಂತೂ ಮದುವೆಗೆ ಮುಂಚಿನ ಪ್ರಸಂಗವೊಂದು ಕಾರಣದ ಸ್ಥಾನಕ್ಕೆ ಬಂದು ಕೂರುತ್ತದೆ. ಅವಳ ಪ್ರಲಾಪದಲ್ಲಿ ಅದು ಹೊರಬಿದ್ದು ಗಂಡನ ಮನಸ್ಸು ಮುರಿಯುತ್ತದೆ. ಹತ್ತಿಕ್ಕಿದ ಪಾಪಪ್ರಜ್ಞೆ ಉನ್ಮಾದವಾಗಿ ಸ್ಫೋಟಿಸಿತೆಂಬ ಈ ವಿವರಣೆ ಫ್ರಾಯ್ಡನ ಪ್ರಭಾವ ಗಾಢವಾಗಿದ್ದ ಕಾಲಕ್ಕೆ ಸಹಜವಾದುದೇ, ಮತ್ತು ಇದನ್ನೇ ವಿಮರ್ಶೆ ‘ಮನೋವೈಜ್ಞಾನಿಕ’ವೆಂದು ಮೆಚ್ಚಿಕೊಂಡದ್ದು. ಆದರೆ ಇಂದು ಲಭ್ಯವಿರುವ ತಿಳಿವಳಿಕೆಯ ಪ್ರಕಾರ ಬಾಣಂತಿಯ ಚಿತ್ತವಿಕಲತೆಗೆ ಅತ್ಯಂತ ಬಲವಾದ ಸಂಬಂಧವಿರುವುದು ಬೈಪೋಲಾರ್ ಕಾಯಿಲೆಯ ವೈಯಕ್ತಿಕ ಅಥವಾ ಕೌಟುಂಬಿಕ ಹಿನ್ನೆಲೆಯೊಡನೆ. ಹೆರಿಗೆಯಾದೊಡನೆ ಹಾರ್ಮೋನುಗಳಲ್ಲಿ ಆಗುವ ತೀವ್ರ ಇಳಿತ, ನಿದ್ರಾಭಂಗ ಇವೂ ಸೇರಿಕೊಳ್ಳುತ್ತವೆ. ಹೆಂಗಸಿನ ಗತಜೀವನದಲ್ಲಿ ತಪ್ಪನ್ನು ಹುಡುಕಬೇಕಾದ ಅಗತ್ಯವಿಲ್ಲ. ಹಾಗೆ ನೋಡಿದರೆ, ಕಾರಣವನ್ನು ಕಾವೇರಿಯ ಪೂರ್ವಕಥೆಯಲ್ಲಿ ಕಂಡುಕೊಂಡ ನಮ್ಮ ವಿಮರ್ಶಕ ಸತೀಶನಿಗಿಂತ ಬಹಳ ದೂರದಲ್ಲೇನೂ ನಿಂತಿಲ್ಲ. ಇಬ್ಬರ ದೃಷ್ಟಿಯಲ್ಲೂ ರೋಗವು ಒಂದು ಬಯಲಾದ ಗುಟ್ಟು. ಬಾಣಂತಿ ಸನ್ನಿಯೆಂದು ಹೇಳಿ ಸುಮ್ಮನಾಗುತ್ತಿದ್ದ ಅಜ್ಜಿ ಈ ಒಂದು ವಿಷಯದಲ್ಲಿ ಇಬ್ಬರಿಗಿಂತಲೂ ನ್ಯಾಯವಂತಳು.

ಚಿಕಿತ್ಸೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಕಾದಂಬರಿಯ ಒತ್ತು ಅದರ ಮೇಲಿಲ್ಲ. ವಿದ್ಯುತ್‌ಕಂಪನ ಚಿಕಿತ್ಸೆ 1938ರಲ್ಲಿ ಇಟಲಿಯಲ್ಲಿ ಆರಂಭವಾಯಿತು, ಚಿತ್ತವಿಕಲತೆಗೆ ಮೊದಲ ಪರಿಣಾಮಕಾರಿ ಔಷಧವಾದ ಕ್ಲೋರ್‌ಪ್ರೊಮಜೀನ್ 1952ರಲ್ಲಿ ಬಳಕೆಗೆ ಬಂತು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬರೆದದ್ದು ಈ ಹೊಸ ಭರವಸೆಯ ಕಾಲದಲ್ಲಿ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ ಮೈಸೂರು ಸಂಸ್ಥಾನದ ಆಡಳಿತದಲ್ಲಿ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದವು. ಫಲಕ ಬದಲಾದಂತೆ ಜನರ ಬಾಯಲ್ಲಿ ಬೈಗುಳವೂ ಬದಲಾಯಿತು. ‘ನಿಮ್ಹಾನ್ಸಿಗೆ ಸೇರಿಸಬೇಕು’ ಎಂಬ ಕುಚೋದ್ಯ ಇಂದು ಬೆಂಗಳೂರಿನ ಮಾತಿನಲ್ಲಿ ಸೇರಿಹೋಗಿದೆ. ಆದರೆ ಆಸ್ಪತ್ರೆ ಒಂದು ಹೊಸ ಕಾಲಗಣನೆಯನ್ನು ತಂದಿತೆಂಬುದನ್ನು ಮರೆಯಲಾಗದು. ರೋಗದ ಆರಂಭ, ಉಲ್ಬಣ, ಇಳಿಮುಖ, ಮರುಕಳಿಕೆ ಎಂಬ ಹಂತಗಳಲ್ಲಿ ಅದು ಮನಸ್ಸಿನ ಚರಿತ್ರೆಯನ್ನು ಬರೆಯುತ್ತದೆ. ಆ ಚರಿತ್ರೆಯಲ್ಲಿ ಆರೋಗ್ಯವೂ ಒಂದು ಹಂತ.

ಮನೆ ಈ ಗಣನೆಯನ್ನು ಒಪ್ಪಲಿಲ್ಲ. ಕಾವೇರಿ ಆಸ್ಪತ್ರೆಗೆ ಹೋದೊಡನೆ ‘ಬಾಣಂತಿ ಸನ್ನಿ’ಯ ಅವಧಿಸೂಚಕ ಅರ್ಥ ಕಳಚಿಬಿತ್ತು, ಆಸ್ಪತ್ರೆಯ ಹಂತಗಳ ಅರ್ಥವೂ ಮನೆಗೆ ದೊರಕಲಿಲ್ಲ. ಉಳಿದದ್ದು ‘ಹುಚ್ಚಾಸ್ಪತ್ರೆಯಿಂದ ಬಂದವಳು’ ಎಂಬ ಭೂತಕೃದಂತ. ಕನ್ನಡ ವ್ಯಾಕರಣದಲ್ಲಿ ಈ ರೂಪಕ್ಕೆ ಕೊನೆಯಿಲ್ಲ: ಒಮ್ಮೆ ಬಂದವಳು ಯಾವಾಗಲೂ ಬಂದವಳೇ. ಮಧ್ಯಮವರ್ಗದ ಕುಟುಂಬವು ಹಳೆಯ ತಿಳಿವಳಿಕೆಯನ್ನು ಬಿಟ್ಟು ಹೊಸದನ್ನು ಅರ್ಧಕ್ಕೇ ತೆಗೆದುಕೊಂಡ ಈ ನಡುಗಾಲವನ್ನು ತ್ರಿವೇಣಿ ಹಿಡಿದಿದ್ದಾರೆ. ಅವರನ್ನು ಜನಪ್ರಿಯ ಕಾದಂಬರಿಕಾರ್ತಿಯೆಂದು ಬದಿಗೆ ಸರಿಸಿದ ನವ್ಯವಿಮರ್ಶೆಗೆ ಈ ಚಾರಿತ್ರಿಕ ಸೂಕ್ಷ್ಮ ಕಾಣಿಸಲಿಲ್ಲವೆಂಬುದು ವಿಷಾದದ ಸಂಗತಿ. ಪ್ರಜ್ಞೆಯ ಬಿಕ್ಕಟ್ಟನ್ನು ಒಂಟಿ ಗಂಡಸಿನ ಅನಾಥಭಾವದಲ್ಲಿ ಹುಡುಕುತ್ತಿದ್ದ ಆ ವಿಮರ್ಶೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತನ್ನ ನಗುವನ್ನು ತಾನೇ ತಡೆದುಕೊಳ್ಳಬೇಕಾದ ಹೆಂಗಸಿನ ಸ್ಥಿತಿ ಬಿಕ್ಕಟ್ಟೆನಿಸಲಿಲ್ಲ.

ಹಿಂದಿರುಗಿದ ಕಾವೇರಿಯ ನಡೆನುಡಿಗಳೆಲ್ಲ ಸುತ್ತಲಿನವರಿಗೆ ಲಕ್ಷಣಗಳಾಗಿ ತೋರುತ್ತವೆ. ಸಿಟ್ಟಾದರೆ ರೋಗ, ಅತ್ತರೆ ರೋಗ, ಗಂಡನನ್ನು ಶಂಕಿಸಿದರಂತೂ ನಿಶ್ಚಯವಾಗಿ ರೋಗ. ಶಂಕೆ ನಿಜವಾಗಿದ್ದರೂ ಅದಕ್ಕೆ ಸಾಕ್ಷ್ಯದ ಬೆಲೆ ಬರುವುದಿಲ್ಲ. 1973ರಲ್ಲಿ ಅಮೆರಿಕದ ಡೇವಿಡ್ ರೋಸೆನ್‌ಹಾನ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ವಾದವೂ ಇದೇ ಆಗಿತ್ತು: ಎಂಟು ಮಂದಿ ರೋಗವಿಲ್ಲದವರು ಹನ್ನೆರಡು ಆಸ್ಪತ್ರೆಗಳಿಗೆ ಸೇರಿಕೊಂಡಾಗ, ಒಮ್ಮೆ ಅಂಟಿದ ರೋಗನಾಮದ ಬೆಳಕಿನಲ್ಲಿ ಅವರ ಸಹಜ ವರ್ತನೆಯೂ ಲಕ್ಷಣವಾಗಿ ದಾಖಲಾಯಿತೆಂದು ಅವರು ಬರೆದರು. ಆ ಅಧ್ಯಯನದ ವಿಶ್ವಾಸಾರ್ಹತೆಯನ್ನು ಪತ್ರಕರ್ತೆ ಸುಸಾನಾ ಕ್ಯಾಹಲನ್ 2019ರ ತಮ್ಮ ಪುಸ್ತಕದಲ್ಲಿ ಗಂಭೀರವಾಗಿ ಪ್ರಶ್ನಿಸಿದ್ದಾರೆ, ಆದುದರಿಂದ ಅದನ್ನು ಪ್ರಮಾಣವೆಂದು ಮಂಡಿಸುವುದು ಈಗ ಸಾಧ್ಯವಿಲ್ಲ. ರೋಸೆನ್‌ಹಾನ್‌ಗಿಂತ ಹತ್ತು ವರ್ಷಕ್ಕೂ ಮೊದಲೇ ತ್ರಿವೇಣಿ ಇದೇ ಪ್ರಶ್ನೆಯನ್ನು ಎತ್ತಿದರು ಎಂದು ಬೀಗುವುದೂ ನನ್ನ ಉದ್ದೇಶವಲ್ಲ. ಅವರ ಪ್ರಶ್ನೆ ಬೇರೆ. ಅಲ್ಲಿ ವಿಷಯ ಆಸ್ಪತ್ರೆಯೊಳಗಿನ ಕುರುಡು. ಇಲ್ಲಿ ಆಸ್ಪತ್ರೆ ತನ್ನ ಕೆಲಸವನ್ನು ಮುಗಿಸಿದೆ, ಕುರುಡಿರುವುದು ಮನೆಯಲ್ಲಿ.

ಇದು ಭಾರತದ ಸಂದರ್ಭಕ್ಕೆ ವಿಶೇಷವಾಗಿ ಸಲ್ಲುವ ತೊಡಕು. ಐವತ್ತರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಭಾಗಿಗಳಾಗಿಸಿದರು; ನಂತರ ವೆಲ್ಲೂರು, ಬೆಂಗಳೂರುಗಳಲ್ಲೂ ಕುಟುಂಬದ ಪಾಲ್ಗೊಳ್ಳುವಿಕೆ ಭಾರತೀಯ ಮನೋವೈದ್ಯದ ಹೆಗ್ಗುರುತಾಯಿತು. ಇದು ಹೆಮ್ಮೆಪಡಬೇಕಾದ ಪರಂಪರೆಯೇ ಸರಿ. ಆದರೆ ಕುಟುಂಬವೇ ಚಿಕಿತ್ಸೆಯ ನೆಲೆಯಾದಾಗ ಕುಟುಂಬದ ಒಳಗಿನ ಅನ್ಯಾಯ ಯಾರಿಗೆ ಕಾಣಬೇಕು? ರೋಗಿಯ ಪೂರ್ವವೃತ್ತಾಂತವನ್ನು ವೈದ್ಯರಿಗೆ ಹೇಳುವವನು ಗಂಡ. ಔಷಧ ಕೊಡಿಸುವವನು, ಮರಳಿ ಕರೆದೊಯ್ಯುವವನು ಅಥವಾ ಒಯ್ಯದಿರುವವನು ಅವನೇ. ಕಾವೇರಿಯ ಕಥೆಯನ್ನು ಸತೀಶನ ಬಾಯಿಂದ ಮಾತ್ರ ಕೇಳಿದ ವೈದ್ಯರು ಎರಡನೆಯ ಸಲ ಏನು ಬರೆದುಕೊಂಡಿರಬಹುದೆಂದು ಓದುಗ ಊಹಿಸಬಲ್ಲ. ಬಹುಶಃ ‘ಮರುಕಳಿಕೆ’ ಎಂಬ ಒಂದೇ ಪದವನ್ನು.

ಈಗ ಕಾನೂನಿನ ಕಡೆಗೆ ಬರಬಹುದು. ಕನ್ನಡಿಗರಿಗೆ ಕಾನೂನಿನ ಈ ಪರಿಕಲ್ಪನೆ ಹೊಸದಲ್ಲ. ಹಳ್ಳಿಯ ಪತ್ರಬರಹಗಾರ ಬರೆದುಕೊಟ್ಟ ಉಯಿಲಿನಲ್ಲೂ ಬರೆಸಿದವನು ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಬರೆಸಿದ್ದಾನೆ ಎಂಬ ಒಕ್ಕಣೆ ಇರುತ್ತದೆ. ಇಲ್ಲಿ ಚಿತ್ತಸ್ವಾಸ್ಥ್ಯವೆಂದರೆ ಆಜನ್ಮ ಗುಣವಲ್ಲ, ರುಜು ಹಾಕಿದ ಗಳಿಗೆಯ ಸ್ಥಿತಿ. 1872ರ ಕರಾರು ಕಾಯಿದೆಯ 12ನೆಯ ಕಲಮು ಇದನ್ನು ನೇರವಾಗಿ ಹೇಳುತ್ತದೆ: ಸಾಮಾನ್ಯವಾಗಿ ಅಸ್ವಸ್ಥಚಿತ್ತನಾಗಿದ್ದವನು ಕೂಡ ಸ್ವಸ್ಥನಾಗಿರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಲ್ಲ. ಇಂಗ್ಲೆಂಡಿನ 1843ರ ಮ್ಯಾಕ್‌ನಾಟನ್ ಪ್ರಕರಣದ ನಿಯಮಗಳನ್ನು ಹಿಂಬಾಲಿಸಿದ 1860ರ ಭಾರತೀಯ ದಂಡಸಂಹಿತೆಯ 84ನೆಯ ಕಲಮೂ ಗಳಿಗೆಯ ಲೆಕ್ಕವನ್ನೇ ಇಟ್ಟಿತು. ಕೃತ್ಯವೆಸಗಿದ ವೇಳೆಯಲ್ಲಿ ಅದರ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧವೆಂಬುದನ್ನಾಗಲಿ ಚಿತ್ತದ ಅಸ್ವಾಸ್ಥ್ಯದ ಕಾರಣ ಅರಿಯಲಾರದವನು ಅಪರಾಧಿಯಲ್ಲ. ರೋಗವಿತ್ತೆಂಬ ವೈದ್ಯರ ಪ್ರಮಾಣಪತ್ರ ಒಂದೇ ಇದಕ್ಕೆ ಸಾಲದು. 1964ರ ದಾಹ್ಯಾಭಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗಳಿಗೆಯನ್ನು ತಿಳಿಯಲು ಕೃತ್ಯದ ಹಿಂದಿನ, ಅಂದಿನ ಹಾಗೂ ನಂತರದ ಸಂದರ್ಭಗಳನ್ನು ನೋಡಬೇಕೆಂದಿತು. 2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿ ಇದೇ ಮಾತು ಇದೇ ಪದಗಳಲ್ಲಿ ಮುಂದುವರಿದಿದೆ.

ಆದರೆ ಬಾಣಂತಿಯ ಅವಧಿಯನ್ನು ಗುರುತಿಸುವ ಪದ ನಮ್ಮ ಅಪರಾಧ ಕಾನೂನಿನಲ್ಲಿಲ್ಲ. ಇಂಗ್ಲೆಂಡಿನಲ್ಲಿ 1922ರ, ಅನಂತರ 1938ರ ಶಿಶುಹತ್ಯಾ ಕಾಯಿದೆಯು ಹೆರಿಗೆಯ ಪರಿಣಾಮದಿಂದ ಪೂರ್ಣವಾಗಿ ಚೇತರಿಸಿಕೊಳ್ಳದೆ ಮನಸ್ಸಿನ ಸಮತೋಲ ತಪ್ಪಿದ ತಾಯಿ ಎಸಗಿದ ಹತ್ಯೆಯನ್ನು ಕೊಲೆಗಿಂತ ಕೆಳಗಿನ ಅಪರಾಧವಾಗಿ ಕಾಣುವ ದಾರಿ ತೆರೆಯಿತು. 1938ರ ಕಾಯಿದೆ ಮಗುವಿನ ವಯಸ್ಸಿನ ಮಿತಿಯನ್ನು ಹನ್ನೆರಡು ತಿಂಗಳೆಂದು ಇಟ್ಟಿದೆ. ನಮ್ಮಲ್ಲಿ ಅಂತಹ ತಾಯಿಗೆ ಇರುವುದು ಪೂರ್ಣ ವಿನಾಯಿತಿ ಅಥವಾ ಕೊಲೆಯ ಆರೋಪ, ಮಧ್ಯದ ಮೆಟ್ಟಿಲಿಲ್ಲ. ಅವಳು ಆ ಗಳಿಗೆಯಲ್ಲಿ ಏನನ್ನೂ ಅರಿಯಲಾರದಷ್ಟು ಅಸ್ವಸ್ಥಳಾಗಿದ್ದಳೆಂದು ಸಾಧಿಸಬೇಕು. ಅರೆಬರೆ ಅರಿವಿನ, ಬಂದುಹೋಗುವ ಗೊಂದಲದ ಸನ್ನಿಗೆ ಈ ಕಲಮಿನ ಅಳತೆ ಹೊಂದುವುದಿಲ್ಲ. ಬಾಣಂತಿ ಸನ್ನಿಯೆಂಬ ಹೆಸರನ್ನು ತಲೆಮಾರುಗಳಿಂದ ಬಲ್ಲ ದೇಶದ ಶಾಸನದಲ್ಲಿ ಅದು ಇಲ್ಲದಿರುವುದು ಶೋಧಕರ ಗಮನಕ್ಕೆ ಬರಬೇಕಾದ ಸಂಗತಿ.

ಗೃಹಕೃತ್ಯಕ್ಕೆ ಸಂಬಂಧಿಸಿದ ಕಾನೂನಿನಲ್ಲಿ ಕಾಲದ ಲೆಕ್ಕ ಇನ್ನೂ ವಿಲಕ್ಷಣವಾಗಿದೆ. ತ್ರಿವೇಣಿ ಬರೆಯುತ್ತಿದ್ದಾಗ ಜಾರಿಯಲ್ಲಿದ್ದ 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ವಿಚ್ಛೇದನಕ್ಕೆ ಸಂಗಾತಿಯ ಚಿತ್ತದ ಅಸ್ವಾಸ್ಥ್ಯ ವಾಸಿಯಾಗದಂಥದಾಗಿ, ಅರ್ಜಿಗೆ ಮುಂಚೆ ಸತತವಾಗಿ ಮೂರು ವರ್ಷ ಇದ್ದಿರಬೇಕಿತ್ತು. ಗುಣವಾಗಿ ಬಂದ ಕಾವೇರಿಯನ್ನು ಆ ಆಧಾರದ ಮೇಲೆ ಬಿಡುವುದು ಸತೀಶನಿಗೆ ಸಾಧ್ಯವಿರಲಿಲ್ಲ. ಅವನು ಕಾನೂನಿನ ದಾರಿ ಹಿಡಿಯದೆಯೇ ಅವಳನ್ನು ಬಿಟ್ಟಿದ್ದು ಹೀಗೆ ನೋಡಿದರೆ ಆಕಸ್ಮಿಕವಲ್ಲ. 1976ರ ತಿದ್ದುಪಡಿಯು ಆ ಮೂರು ವರ್ಷಗಳನ್ನು ತೆಗೆದುಹಾಕಿ, ಸತತವಾಗಿ ‘ಅಥವಾ ಆಗಾಗ’ ಬರುವ ಮನೋವಿಕಾರವನ್ನೂ, ಅದು ಜೊತೆಯಲ್ಲಿ ಬಾಳಲಾಗದಷ್ಟಿದ್ದರೆ, ಆಧಾರವಾಗಿ ಮಾಡಿತು. ಮದುವೆಗೆ ಅರ್ಹತೆಯ ಷರತ್ತಿನಲ್ಲಿ ಮೇಲಿಂದ ಮೇಲೆ ಬರುವ ಹುಚ್ಚನ್ನೂ ಅಪಸ್ಮಾರವನ್ನೂ ಒಟ್ಟಿಗೆ ಸೇರಿಸಿತು. 1999ರಲ್ಲಿ ಅಪಸ್ಮಾರವನ್ನು ಕೈಬಿಟ್ಟರು. ಇನ್ನೊಂದು ಹಾಗೆಯೇ ಉಳಿದಿದೆ. ಗಾದೆ ಮದುವೆಯನ್ನು ಹುಚ್ಚಿನ ಮದ್ದಾಗಿ ಕಂಡರೆ ಶಾಸನ ಹುಚ್ಚನ್ನು ಮದುವೆಗೆ ತಡೆಯಾಗಿ ಕಂಡಿತು. ಎರಡರ ನಡುವೆ ವಾಸಿಯಾದವಳ ಪ್ರಶ್ನೆ ಜಾರಿಹೋಗಿದೆ. ನ್ಯಾಯಾಲಯಗಳು ಇದನ್ನು ಸ್ವಲ್ಪ ಸರಿಪಡಿಸಿವೆ. 1988ರ ರಾಮನಾರಾಯಣ ಗುಪ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಕಿಜೋಫ್ರೀನಿಯಾ ಎಂಬ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ರೋಗದ ಪ್ರಮಾಣ ಎಷ್ಟೆಂಬುದನ್ನು ಪ್ರತಿಯೊಂದು ಪ್ರಸಂಗದಲ್ಲೂ ತೂಗಿ ನೋಡಬೇಕೆಂದು ತೀರ್ಮಾನಿಸಿತು.

1912ರ ಹುಚ್ಚರ ಕಾಯಿದೆ, ಅದರ ಸ್ಥಾನಕ್ಕೆ ಬಂದು 1993ರಲ್ಲಿ ಜಾರಿಯಾದ 1987ರ ಮಾನಸಿಕ ಆರೋಗ್ಯ ಕಾಯಿದೆ, ಅದನ್ನೂ ತೆಗೆದುಹಾಕಿ 2018ರ ಮೇ 29ರಿಂದ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ: ಈ ಮೂರನ್ನು ಒಟ್ಟಿಗಿಟ್ಟು ಓದಿದರೆ ‘ಶರಪಂಜರ’ದ ಸಮಸ್ಯೆಗೆ ಶಾಸನವು ಅರ್ಧ ಶತಮಾನಕ್ಕೂ ಮಿಕ್ಕಿ ತಡವಾಗಿ ಉತ್ತರ ಕೊಟ್ಟಂತೆ ತೋರುತ್ತದೆ. ಮೊದಲಿನದು ಹುಚ್ಚರನ್ನು ಒಳಗೆ ಸೇರಿಸಿಕೊಳ್ಳುವ ಅರ್ಜಿ, ಪ್ರಮಾಣಪತ್ರ, ಆದೇಶಗಳ ಸುತ್ತಲೇ ಕಟ್ಟಿದ್ದು. ಕೊನೆಯದರ 3ನೆಯ ಕಲಮು ಹಿಂದೆ ಆಸ್ಪತ್ರೆಯಲ್ಲಿದ್ದರು ಅಥವಾ ಚಿಕಿತ್ಸೆ ಪಡೆದಿದ್ದರು ಎಂಬುದೊಂದೇ ಈಗಲೂ ರೋಗವಿದೆಯೆಂದು ನಿರ್ಧರಿಸಲು ಆಧಾರವಾಗಕೂಡದು ಎನ್ನುತ್ತದೆ; ಮಾನಸಿಕ ಕಾಯಿಲೆಯೆಂಬ ನಿರ್ಧಾರದಿಂದ, ಸಕ್ಷಮ ನ್ಯಾಯಾಲಯ ಘೋಷಿಸದ ಹೊರತು, ವ್ಯಕ್ತಿಯನ್ನು ಅಸ್ವಸ್ಥಚಿತ್ತಳೆಂದು ತಿಳಿಯಕೂಡದು ಎಂದೂ ಹೇಳುತ್ತದೆ. 19ನೆಯ ಕಲಮಿನಂತೆ ಕುಟುಂಬ ಸ್ವೀಕರಿಸಲಿಲ್ಲವೆಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸುವಂತಿಲ್ಲ. 21ನೆಯದು ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು ವಿಧಿಸುತ್ತದೆ. ನಿಮ್ಹಾನ್ಸ್‌ನಲ್ಲಿ 2009ರಿಂದಲೇ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಳ್ಳುವ ವಿಭಾಗ ನಡೆಯುತ್ತಿದೆ. ಮಗುವನ್ನು ಬೇರೆ ಮಗ್ಗುಲಲ್ಲಿ, ಆದರೆ ಕಣ್ಣೆದುರಿಗೇ ಮಲಗಿಸುತ್ತಿದ್ದ ಹಳೆಯ ಬಾಣಂತಿಕೋಣೆಯ ವಿವೇಕ ಬಹಳ ಸುತ್ತು ಹಾಕಿ ಆಸ್ಪತ್ರೆಗೆ ಬಂದಿದೆ.

ಆದರೆ 3ನೆಯ ಕಲಮು ಅಧಿಕಾರಿಯನ್ನು, ವೈದ್ಯನನ್ನು, ನ್ಯಾಯಾಧೀಶನನ್ನು ಬಂಧಿಸಬಲ್ಲುದೇ ಹೊರತು ಊಟದ ಪಂಕ್ತಿಯಲ್ಲಿ ಬೇರೆಡೆಗೆ ಸರಿದು ಕೂರುವ ನೆಂಟರನ್ನಲ್ಲ. ಈ ಕಲಮುಗಳ ವಿವೇಕ ಮನೆಗೆ ತಲುಪಬೇಕಾದರೆ ಅದು ಮನೆಯ ಮಾತಿನಲ್ಲೇ ತಲುಪಬೇಕು. ಆ ದಿಕ್ಕಿನಲ್ಲಿ ಕನ್ನಡದ ಸಾಧನೆ ಅಲ್ಪವಲ್ಲ. ‘ಕೊರವಂಜಿ’ಯ ರಾಶಿಯವರೇ ಆದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದದ್ದು, ಮನೋರೋಗವನ್ನು ಕುರಿತ ಗ್ರಂಥವೊಂದು ಸಾಹಿತ್ಯವೆಂದು ಮನ್ನಣೆ ಪಡೆದ ವಿರಳ ಸಂದರ್ಭ. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆಯನ್ನು ಒದಗಿಸಿದ ಪ್ರಯೋಗ, ಮುಂದೆ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಡಾ. ಸಿ. ಆರ್. ಚಂದ್ರಶೇಖರ್ ಅವರ ಕಿರುಪುಸ್ತಕಗಳು ಖಿನ್ನತೆ, ಗೀಳು ಮುಂತಾದ ಮಾತುಗಳನ್ನು ಮನೆಮನೆಗೆ ಒಯ್ದವು. ಇವುಗಳಲ್ಲಿ ರೋಗಕ್ಕೆ ಹೆಸರುಗಳು ಹೇರಳವಾಗಿ ದೊರೆತವು. ರೋಗದಿಂದ ಹೊರಬಂದ ಸ್ಥಿತಿಗೆ ಹೆಸರು ಕೊಡುವ ಕೆಲಸ ಅಷ್ಟಾಗಿ ನಡೆದಂತಿಲ್ಲ.

ಆ ಹೆಸರಿಗಾಗಿ ದೂರ ಹುಡುಕಬೇಕಾಗಿಯೂ ಇಲ್ಲ. ಪತ್ರಿಕೆಗಳು ಆಸ್ಪತ್ರೆಯಿಂದ ಬಿಡುಗಡೆಯಾದವರನ್ನು ಕುರಿತು ‘ಗುಣಮುಖರಾದರು’ ಎಂದು ದಿನವೂ ಬರೆಯುತ್ತವೆ. ಗುಣದ ಕಡೆಗೆ ಮುಖ ಮಾಡಿದವರು ಎಂಬುದು ಅದರ ಅರ್ಥ. ತಲುಪಿದವರು ಎಂದಲ್ಲ, ತಲುಪದವರು ಎಂದೂ ಅಲ್ಲ. ಕಾಮಾಲೆಯಿಂದ ಎದ್ದವನಿಗೆ, ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನಿಗೆ ನಾವು ಈ ಮಾತನ್ನು ಯಾವ ಹಿಂಜರಿಕೆಯೂ ಇಲ್ಲದೆ ಸಲ್ಲಿಸುತ್ತೇವೆ; ಆ ಮೇಲೆ ಅವರು ಕೆಮ್ಮಿದರೆ ಮನೆಯವರೆಲ್ಲ ಬೆಚ್ಚಿಬೀಳುವುದಿಲ್ಲ. ‘ಶರಪಂಜರ’ವನ್ನು ನೋಡಿದ ಮೂರು ತಲೆಮಾರಿನ ಪ್ರೇಕ್ಷಕರಿಗೆ ನೆನಪಿರುವುದು ಕೊನೆಯಲ್ಲಿ ಕಲ್ಪನಾ ಕೆದರಿದ ಕೂದಲಿನಲ್ಲಿ ಅಭಿನಯಿಸಿದ ಉನ್ಮಾದ. ಅದಕ್ಕೆ ಮುಂಚೆ, ಗುಣಮುಖಳಾಗಿ ಮನೆಗೆ ಬಂದ ಹೆಂಗಸೊಬ್ಬಳು ಎಲ್ಲರೊಡನೆ ಸರಿಯಾಗಿಯೇ ಮಾತನಾಡುತ್ತ ಓಡಾಡಿದ ಆ ನಡುಭಾಗವನ್ನು ಯಾರೂ ಅನುಕರಿಸಿ ತೋರಿಸಿದ್ದನ್ನು ನಾನು ಕಂಡಿಲ್ಲ.